ಒಂಟಿ ಮುಳ್ಳು, ಜಿಗಿಯುವ ಗಂಟೆ, ಅಲೆಮಾರಿ ಗಂಟೆ: ಬೆಂಗಳೂರಿನಲ್ಲಿ ವಿಚಿತ್ರ ಡಯಲ್ಲಿನ ವಾಚು ಕೊಳ್ಳುವವರಿಗೆ

ಕನ್ನಡದಲ್ಲಿ ಗಂಟೆ ಹೇಳುವುದಕ್ಕೆ ಮೂರು ದಾರಿಗಳಿವೆ. ‘ಹತ್ತೂಮುಕ್ಕಾಲು’ ಎಂದರೆ ಮನೆಮಾತು. ‘10.46ರಿಂದ 11.30ರ ಒಳಗೆ’ ಎಂದರೆ ಲಗ್ನಪತ್ರಿಕೆಯ ಮಾತು. ‘ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇದೆಯಲ್ಲ’ ಎಂದರೆ ಹೊರಡಲು ತಡ ಮಾಡುತ್ತಿರುವವರ ಮಾತು. ಎರಡು ಮುಳ್ಳಿನ ಮಾಮೂಲಿ ವಾಚು ಈ ಮೂರನ್ನೂ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ವಿಚಿತ್ರ ಡಯಲ್ಲಿನ ವಾಚುಗಳಿಗೆ ಆ ಶಕ್ತಿ ಇಲ್ಲ. ಒಂದೊಂದು ಬಗೆಯೂ ಈ ಮೂರರಲ್ಲಿ ಒಂದನ್ನು ಸೊಗಸಾಗಿ ಹೇಳಿ, ಉಳಿದ ಲೆಕ್ಕವನ್ನು ಕಟ್ಟಿಕೊಂಡವರ ತಲೆಗೇ ಬಿಡುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಎರಡು ದಿನ ನಿಮ್ಮನ್ನೇ ಗಮನಿಸಿ. ವಾಚು ನೋಡಿದಾಗಲೆಲ್ಲ ನಿಮಗೆ ಬೇಕಾಗಿದ್ದು ಸರಿಯಾದ ನಿಮಿಷವೋ, ಸುಮಾರು ಹೊತ್ತೋ, ಇನ್ನೆಷ್ಟು ಉಳಿದಿದೆ ಎಂಬುದೋ? ಇದು ಗೊತ್ತಾದರೆ ಅರ್ಧ ಆಯ್ಕೆ ಮುಗಿಯಿತು. ಉಳಿದರ್ಧ ಡಯಲ್ಲಿನ ಅಡಿಯಲ್ಲಿದೆ, ಮತ್ತು ಜನ ಎಡವುವುದು ಅಲ್ಲೇ. ಇಲ್ಲಿ ಹೇಳುತ್ತಿರುವುದೆಲ್ಲ ಕೀ ಕೊಡುವ ಮತ್ತು ಆಟೊಮ್ಯಾಟಿಕ್ ವಾಚುಗಳ ಬಗ್ಗೆ. ಬ್ಯಾಟರಿ ವಾಚಿನಲ್ಲಿ ಎಂಥ ಡಯಲ್ ಇದ್ದರೂ ಕೆಟ್ಟರೆ ಮಷಿನನ್ನೇ ಬದಲಿಸಿದರಾಯಿತು, ಅದಕ್ಕೆ ಮಾರ್ಗದರ್ಶಿ ಬೇಕಿಲ್ಲ.

ಅಡಿಯ ಮಷಿನ್ ಯಾವುದು?

ಇಂಥ ವಾಚುಗಳಲ್ಲಿ ಹೆಚ್ಚಿನವು ಒಂದರ ಮೇಲೊಂದು ಕೂತ ಎರಡು ಯಂತ್ರಗಳು. ಕೆಳಗಿನದು ಸ್ಪ್ರಿಂಗ್, ಗಾಲಿ, ಹಿಂದೆಮುಂದೆ ತೂಗುವ ಬ್ಯಾಲೆನ್ಸ್ ಚಕ್ರ ಇರುವ ಸಾಮಾನ್ಯ ಮಷಿನ್. ಮೇಲಿನದು ಗಂಟೆ ತೋರಿಸುವ ರೀತಿಯನ್ನು ಬದಲಿಸುವ ತೆಳು ತಟ್ಟೆ, ಅಂದರೆ ಮಾಡ್ಯೂಲ್. ಕೆಳಗಿನ ಮಷಿನ್ ಸಾಮಾನ್ಯವಾಗಿ ಲೋಕಕ್ಕೆಲ್ಲ ಪರಿಚಿತವಾದದ್ದೇ ಆಗಿರುತ್ತದೆ: ಸ್ವಿಟ್ಜರ್ಲೆಂಡಿನ ಇಟಿಎ 2824 ಅಥವಾ ಅದರ ಪಡಿಯಚ್ಚಾದ ಸೆಲಿಟಾ ಎಸ್‌ಡಬ್ಲ್ಯು200, ಜಪಾನಿನ ಮಿಯೋಟಾ 9015, ಸೀಕೋ ಬಳಗದ ಎನ್‌ಎಚ್35, ಕೀ ಕೊಡುವುದಾದರೆ ದೊಡ್ಡ ಗಾತ್ರದ ಯುನಿಟಾಸ್ 6498. ಇವುಗಳ ಬಿಡಿಭಾಗ ಸಿಗುತ್ತದೆ, ಇವನ್ನು ಬಿಚ್ಚಿ ಜೋಡಿಸಿದ ಕೈಗಳು ಬೆಂಗಳೂರಿನಲ್ಲಿ ಇವೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದ ಊರು ಇದು. ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಚಿಕ್ಕ ಅಂಗಡಿಗಳಲ್ಲಿ ಕಣ್ಣಿಗೆ ಲೂಪ್ ಸಿಕ್ಕಿಸಿ ಕೂತವರಿಗೆ ಕೀ ವಾಚು ಹೊಸದೇನಲ್ಲ.

ಕಷ್ಟ ಇರುವುದು ಮೇಲಿನ ತಟ್ಟೆಯದು. ಅದರ ಭಾಗಗಳು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಒಂದು ಸಣ್ಣ ಸ್ಪ್ರಿಂಗ್ ಮುರಿದರೂ ಕಂಪನಿಯೇ ಕೊಡಬೇಕು, ಕಂಪನಿ ಮುಚ್ಚಿದ್ದರೆ ವಾಚು ಷೋಕೇಸಿಗೆ. ಆದ್ದರಿಂದ ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಅಡಿಯ ಮಷಿನ್ನಿನ ಹೆಸರೇನು, ಮೇಲಿನ ಮಾಡ್ಯೂಲನ್ನು ಯಾರು ಮಾಡಿದರು, ಮಾಡ್ಯೂಲ್ ಕೆಟ್ಟರೆ ಯಾವ ಊರಿನಲ್ಲಿ ಬಿಚ್ಚುತ್ತಾರೆ. ‘ಇನ್‌ಹೌಸ್ ಮೂವ್‌ಮೆಂಟ್ ಸರ್’, ಅಂದರೆ ಮಷಿನ್ನೂ ನಮ್ಮದೇ ಎಂಬ ಉತ್ತರ ಬಂದರೆ ಮೆಚ್ಚಿ ತಲೆದೂಗುವ ಬದಲು ಎಚ್ಚರವಾಗಿ. ಅಡಿಯಿಂದ ಮುಡಿಯವರೆಗೂ ಅದೇ ಕಂಪನಿಯ ಮೇಲೆ ನೀವು ನಿಂತಿರುತ್ತೀರಿ ಎಂದು ಅದರ ಅರ್ಥ.

ಒಂಟಿ ಮುಳ್ಳು

ಇದು ಇರುವುದರಲ್ಲೇ ಸರಳ. ನಿಮಿಷದ ಮುಳ್ಳನ್ನು ತೆಗೆದು, ಗಂಟೆ ಮುಳ್ಳನ್ನು ಸೂಜಿಯಷ್ಟು ಸಪೂರ ಮಾಡಿ, ಡಯಲ್ಲಿನ ಅಂಚಿನ ತನಕ ಚಾಚಿರುತ್ತಾರೆ. 17ನೇ ಶತಮಾನದ ಮಧ್ಯದಲ್ಲಿ ಲೋಲಕದ ಗಡಿಯಾರ ಬರುವ ತನಕ ಹೆಚ್ಚಿನ ಗಡಿಯಾರಗಳಿಗೆ ಇದ್ದದ್ದು ಈ ಒಂದೇ ಮುಳ್ಳು. ಇವತ್ತು ಈ ಬಗೆಗೆ ಹೆಸರಾದದ್ದು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 2001ರಲ್ಲಿ ಶುರುವಾದ ಮೈಸ್ಟರ್‌ಸಿಂಗರ್. ಡಯಲ್ಲಿನ ಸುತ್ತ 144 ಗೆರೆ, ಒಂದೊಂದು ಗೆರೆಗೆ ಐದು ನಿಮಿಷ.

ಓದುವ ಲೆಕ್ಕ ಹೀಗಿದೆ. ಮಾಮೂಲಿ ನಿಮಿಷದ ಮುಳ್ಳು ನಿಮಿಷಕ್ಕೆ 6 ಡಿಗ್ರಿ ಚಲಿಸಿದರೆ ಒಂಟಿ ಮುಳ್ಳು ಚಲಿಸುವುದು ಅರ್ಧ ಡಿಗ್ರಿ. ಮಧ್ಯದಿಂದ ಗೆರೆಗೆ 17 ಮಿಲಿಮೀಟರ್ ದೂರವಿರುವ ಡಯಲ್ಲಿನಲ್ಲಿ ಐದು ನಿಮಿಷ ಎಂದರೆ ಮುಕ್ಕಾಲು ಮಿಲಿಮೀಟರ್. ಎರಡು ಗೆರೆಯ ನಡುವೆ ಕಣ್ಣಳತೆಯಲ್ಲಿ ಅರ್ಧ ಹಾಕಿದರೆ ಎರಡು-ಮೂರು ನಿಮಿಷದ ಖಚಿತತೆ ಸಿಗುತ್ತದೆ, ಅದಕ್ಕಿಂತ ಹೆಚ್ಚು ಆಸೆಪಡಬೇಡಿ. ಅದೂ ನೇರವಾಗಿ ನೋಡಿದರೆ ಮಾತ್ರ. ಮುಳ್ಳು ಡಯಲ್ಲಿಗಿಂತ ಒಂದು ಮಿಲಿಮೀಟರ್ ಮೇಲಿದ್ದು, ನೀವು 30 ಡಿಗ್ರಿ ಓರೆಯಿಂದ ನೋಡಿದರೆ ನಾಲ್ಕು ನಿಮಿಷದಷ್ಟು ವ್ಯತ್ಯಾಸ ಕಾಣಬಹುದು. ಹಾಗಾಗಿ ಮುಳ್ಳಿನ ತುದಿ ಡಯಲ್ಲಿಗೆ ಎಷ್ಟು ಒತ್ತಿಕೊಂಡಿದೆ ಎಂದು ಪಕ್ಕದಿಂದ ನೋಡಿಯೇ ಆರಿಸಿ.

‘ಹತ್ತೂಮುಕ್ಕಾಲು’ ಎನ್ನುವವರಿಗೆ ಇದಕ್ಕಿಂತ ಒಪ್ಪುವ ವಾಚು ಇಲ್ಲ. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಮುಳ್ಳು ಎಲ್ಲಿದೆ ಎಂಬುದೇ ಕಾಲು, ಅರೆ, ಮುಕ್ಕಾಲು. ಇನ್ನೊಂದು ಅನುಕೂಲ ಉಂಟು. ದಿನಕ್ಕೆ 10 ಸೆಕೆಂಡ್ ಹಿಂದೆ ಮುಂದೆ ಆಗುವ ಮಷಿನ್ ತಿಂಗಳಿಗೆ ಐದು ನಿಮಿಷ ತಪ್ಪುತ್ತದೆ, ಅಂದರೆ ಒಂದು ಗೆರೆ. ಮಾಮೂಲಿ ವಾಚಿನಲ್ಲಿ ಮೂರನೇ ದಿನಕ್ಕೇ ಕಿರಿಕಿರಿಯಾಗುವ ತಪ್ಪು ಇಲ್ಲಿ ತಿಂಗಳ ತನಕ ಕಾಣಿಸುವುದೇ ಇಲ್ಲ.

ಹಾಳಾಗುವುದು ಏನು? ಹೆಚ್ಚೇನಿಲ್ಲ. ಆದರೆ ಮುಳ್ಳು ಹೊಂದಿಸುವಾಗಿನ ತಪ್ಪು ಇಲ್ಲಿ ಎದ್ದು ಕಾಣುತ್ತದೆ. ಗಂಟೆ ಮುಳ್ಳು ಎರಡೂವರೆ ಡಿಗ್ರಿ ಆಚೀಚೆ ನಿಂತರೆ ಮಾಮೂಲಿ ವಾಚಿನಲ್ಲಿ ಯಾರೂ ಗಮನಿಸುವುದಿಲ್ಲ, ಇಲ್ಲಿ ಅದು ಐದು ನಿಮಿಷ. ಮೊಬೈಲಿನಲ್ಲಿ ಸರಿಯಾಗಿ 12 ಗಂಟೆಯಾದಾಗ ಹೊಂದಿಸಿ, 3, 6, 9 ಗಂಟೆಗೆ ನೋಡಿ. ಎಲ್ಲ ಕಡೆ ಒಂದೇ ಅಳತೆಯ ತಪ್ಪಿದ್ದರೆ ಹೊಂದಿಸಿದ್ದು ತಪ್ಪು. 12ಕ್ಕೆ ಸರಿಯಿದ್ದು ಉಳಿದ ಕಡೆ ಬೇರೆಬೇರೆಯಾಗಿ ತಪ್ಪಿದರೆ ಡಯಲ್ ನಡುವಿನಿಂದ ಸರಿದಿದೆ ಎಂದು ತಿಳಿಯಿರಿ. ಹಲ್ಲುಗಳ ನಡುವಿನ ಸಡಿಲ ಒಂದೆರಡು ನಿಮಿಷವನ್ನು ನುಂಗುತ್ತದೆ. ಟೈಮ್ ಇಟ್ಟು ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ ತಿದ್ದುವುದು ಒಳ್ಳೆಯದು. ಮಾಡ್ಯೂಲೇ ಇಲ್ಲದ್ದರಿಂದ ಸರ್ವಿಸ್ ಮಾಮೂಲಿ ಆಟೊಮ್ಯಾಟಿಕ್ ವಾಚಿನಂತೆಯೇ. ಸೆಕೆಂಡ್‌ಹ್ಯಾಂಡ್ ಆಗಿ ಧೈರ್ಯವಾಗಿ ಕೊಳ್ಳಬಹುದಾದ ವಿಚಿತ್ರ ವಾಚು ಇದೊಂದೇ.

ಅಲೆಮಾರಿ ಗಂಟೆ

ವಾಂಡರಿಂಗ್ ಅವರ್ಸ್ ಎಂದು ಮಾರಾಟವಾಗುವ ಬಗೆ ಇದು. ಇದರ ಮೂಲ 1650ರ ದಶಕದ ರೋಮ್. ಪೋಪ್ ಏಳನೇ ಅಲೆಕ್ಸಾಂಡರ್‌ಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಗಡಿಯಾರದ ಟಿಕ್‌ಟಿಕ್ ಸದ್ದೂ ಸಹಿಸಲಾಗುತ್ತಿರಲಿಲ್ಲ. ಗಡಿಯಾರ ಮಾಡುವ ಕಂಪಾನಿ ಸಹೋದರರು ಸದ್ದಿಲ್ಲದ, ಕೊರೆದ ಅಂಕಿಗಳ ಹಿಂದೆ ದೀಪ ಉರಿಯುವ ಗಡಿಯಾರ ಮಾಡಿಕೊಟ್ಟರು. ಕಮಾನಿನ ಉದ್ದಕ್ಕೂ ಗಂಟೆಯ ಅಂಕಿಯೇ ತೇಲಿ ಸಾಗುತ್ತಿತ್ತು. ಕೈವಾಚಿಗೆ ಇದನ್ನು ಮತ್ತೆ ತಂದದ್ದು 1991ರಲ್ಲಿ ಸ್ವಿಸ್ ಕಂಪನಿ ಆಡೆಮಾ ಪಿಗೆಯ ಸ್ಟಾರ್ ವ್ಹೀಲ್. 1997ರಲ್ಲಿ ಶುರುವಾದ ಉರ್ವರ್ಕ್ ಇದನ್ನೇ ತನ್ನ ಗುರುತು ಮಾಡಿಕೊಂಡಿತು. ನಮ್ಮ ಟೈಟನ್ ಸಹ ಸ್ಟೆಲ್ಲರ್ ಸಾಲಿನಲ್ಲಿ ಇಂಥದೊಂದನ್ನು ತಂದಿದೆ. ಅಗ್ಗದ ಚೀನೀ ಮಾದರಿಗಳೂ ಬೇಕಾದಷ್ಟಿವೆ.

ಕೆಲಸ ಮಾಡುವ ರೀತಿ ಸೊಗಸಾಗಿದೆ. ಮಧ್ಯದಲ್ಲಿ ಮೂರು ತೋಳಿನ ಚಕ್ರ, ಮೂರು ಗಂಟೆಗೆ ಒಂದು ಸುತ್ತು. ಒಂದೊಂದು ತೋಳಿನ ತುದಿಯಲ್ಲಿ ನಾಲ್ಕು ಅಂಕಿಯ ಒಂದೊಂದು ಬಿಲ್ಲೆ: ಮೊದಲನೆಯದರಲ್ಲಿ 1, 4, 7, 10, ಎರಡನೆಯದರಲ್ಲಿ 2, 5, 8, 11, ಮೂರನೆಯದರಲ್ಲಿ 3, 6, 9, 12. ಒಂದು ತೋಳು 0ಯಿಂದ 60ರ ತನಕ ಬರೆದ 120 ಡಿಗ್ರಿಯ ಕಮಾನನ್ನು ಒಂದು ಗಂಟೆಯಲ್ಲಿ ದಾಟುತ್ತದೆ. ಅದು ಆಚೆ ಇಳಿಯುವಾಗ ಮುಂದಿನ ತೋಳು ಈಚೆ ಏರುತ್ತದೆ. ಕಣ್ಣಿಗೆ ಬೀಳದ ಭಾಗದಲ್ಲಿ ಬಿಲ್ಲೆಯ ಅಡಿಯ ನಕ್ಷತ್ರಾಕಾರದ ಗಾಲಿ ಒಂದು ಕಡ್ಡಿಗೆ ತಾಗಿ ಕಾಲು ಸುತ್ತು ತಿರುಗಿ, ಮೂರು ಗಂಟೆ ಮುಂದಿನ ಅಂಕಿ ಹೊರಗೆ ಬರುತ್ತದೆ. ಗಂಟೆಯ ಅಂಕಿ ನಿಂತ ಜಾಗವೇ ನಿಮಿಷ.

ಇಲ್ಲಿ ನಿಮಿಷಕ್ಕೆ 2 ಡಿಗ್ರಿ. 16 ಮಿಲಿಮೀಟರ್ ದೂರದ ಕಮಾನಿನಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಹಾಗಾಗಿ ನಿಮಿಷಕ್ಕೆ ನಿಮಿಷ ಓದಬಹುದು. ‘ಇನ್ನೆಷ್ಟು ಉಳಿದಿದೆ’ ಎನ್ನುವವರಿಗೆ ಹೇಳಿ ಮಾಡಿಸಿದ್ದು ಇದು. ಕಮಾನಿನಲ್ಲಿ ಇನ್ನೂ ದಾಟಬೇಕಾದ ದಾರಿ ಕಣ್ಣೆದುರೇ ಇರುತ್ತದೆ, ಮೀಟಿಂಗ್ ಮುಗಿಯಲು ಎಷ್ಟು ಹೊತ್ತು ಎಂಬುದು ಲೆಕ್ಕ ಹಾಕದೆ ಗೊತ್ತಾಗುತ್ತದೆ. ಕಟ್ಟಿಕೊಂಡ ಮೊದಲ ವಾರ ಮಾತ್ರ ಗಂಟೆ ಬದಲಾಗುವ ಹೊತ್ತಿನಲ್ಲಿ ಗೊಂದಲ. ಹತ್ತು 60ರಲ್ಲಿ, ಹನ್ನೊಂದು 0ಯಲ್ಲಿ, ಎರಡೂ ಒಟ್ಟಿಗೆ ಕಾಣುತ್ತವೆ. ಆಗ ಏರುತ್ತಿರುವುದನ್ನು ಓದಿ, ಇಳಿಯುತ್ತಿರುವುದನ್ನು ಬಿಡಿ.

ಈ ಬಗೆ ಮಷಿನ್ನಿನಿಂದ ಒಮ್ಮೆಲೇ ಹೆಚ್ಚು ಬಲ ಕೇಳುವುದಿಲ್ಲ. ಗಂಟೆಗೊಂದು ಬಿಲ್ಲೆ ನಿಧಾನಕ್ಕೆ ತಿರುಗಿದರೆ ಸಾಕು. ತೊಂದರೆ ಕೊಡುವುದು ಬಿಲ್ಲೆಗಳು ನಿಲ್ಲುವ ರೀತಿ. ಒಂದೊಂದನ್ನೂ ಕೂದಲಿನಂಥ ಸ್ಪ್ರಿಂಗ್ ಹಿಡಿದಿರುತ್ತದೆ. ವಾಚು ಕೈಜಾರಿ ಬಿದ್ದರೆ, ಅಥವಾ ದಿನಾ ಗುಂಡಿಬಿದ್ದ ರಸ್ತೆಯಲ್ಲಿ ಬೈಕಿನ ಹ್ಯಾಂಡಲ್ ಹಿಡಿದ ಕೈಯಲ್ಲೇ ಇದ್ದರೆ, ನಕ್ಷತ್ರ ಒಂದು ಹಲ್ಲು ಜಿಗಿಯಬಹುದು. ಆಗ ನಾಲ್ಕರ ನಂತರ ಐದು ಬರುವ ಬದಲು ಎಂಟು ಬರುತ್ತದೆ. ಹೊರಗಿನಿಂದ ಕೀ ತಿರುಗಿಸಿ ಇದನ್ನು ಸರಿಮಾಡಲಾಗದು, ಗ್ಲಾಸು ತೆಗೆದು ಬಿಲ್ಲೆಯನ್ನೇ ಕೂರಿಸಬೇಕು. ಅಂಕಿ ಸೊಟ್ಟಗೆ ನಿಂತರೆ ಅದೇ ಸ್ಪ್ರಿಂಗ್ ಸೋತಿದೆ ಅಥವಾ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ತೋಳುಗಳ ನಡುವಿನ ಕೋನ ಸಮವಿಲ್ಲದಿದ್ದರೆ ಒಂದು ಗಂಟೆ ಸರಿ, ಮುಂದಿನದು ಒಂದು ನಿಮಿಷ ಮುಂದೆ, ಅದರ ಮುಂದಿನದು ಹಿಂದೆ. ಮೂರು ಗಂಟೆಗೊಮ್ಮೆ ಅದೇ ಪಾಳಿ ಮರಳುತ್ತದೆ. ಅಗ್ಗದ ಮಾದರಿಗಳಲ್ಲಿ ಇದು ತೀರಾ ಸಾಮಾನ್ಯ, ಮಾರುವವರು ಹೇಳುವುದಿಲ್ಲ.

ಜಿಗಿಯುವ ಗಂಟೆ

ಜಂಪ್ ಅವರ್ ಎಂದರೆ ಕಿಟಕಿಯಲ್ಲಿ ಗಂಟೆಯ ಅಂಕಿ, ನಿಮಿಷಕ್ಕೆ ಮುಳ್ಳು ಅಥವಾ ಇನ್ನೊಂದು ಬಿಲ್ಲೆ. ಆಸ್ಟ್ರಿಯಾದ ಯೋಸೆಫ್ ಪಾಲ್‌ವೆಬರ್ 1883ರಲ್ಲಿ ಜೇಬುಗಡಿಯಾರಕ್ಕೆ ಇದರ ಹಕ್ಕುಪತ್ರ ಪಡೆದ. ಕಾರ್ಟಿಯೇ 1928ರಲ್ಲಿ ಎರಡೇ ಕಿಟಕಿಯ ಟ್ಯಾಂಕ್ ಆ ಗಿಶೆ ತಂದಿತು. ಲಗ್ನಪತ್ರಿಕೆಯ ಮಾತಿನವರ ವಾಚು ಇದು: 10, 46, ಮುಗಿಯಿತು. ‘ಹನ್ನೊಂದಕ್ಕೆ ಕಾಲು ಗಂಟೆ ಇದೆ’ ಎಂಬುದನ್ನು ಮಾತ್ರ ಇದು ಹೇಳಲಾರದು, 60ರಿಂದ ಕಳೆಯುವ ಕೆಲಸ ನಿಮ್ಮದೇ. ನಿಮಿಷಕ್ಕೆ ಮುಳ್ಳಿರುವ ಮಾದರಿ ಕೊಂಡರೆ ಆ ಕಷ್ಟವೂ ಇಲ್ಲ. ನಮ್ಮ ಕೇಳಿಕೆ ಇಷ್ಟೇ, ಬರೀ ಕಿಟಕಿಗಳ ಚಂದಕ್ಕೆ ಮರುಳಾಗಿ ಮುಳ್ಳಿರುವುದನ್ನು ಬಿಟ್ಟುಬಿಡಬೇಡಿ.

ಇದರ ಗುಟ್ಟೆಲ್ಲ ಬಲದ ಲೆಕ್ಕದಲ್ಲಿದೆ. ಬಸವನಹುಳುವಿನ ಚಿಪ್ಪಿನಂಥ ಒಂದು ಕ್ಯಾಮ್ ಗಂಟೆಗೆ ಒಂದು ಸುತ್ತು ತಿರುಗುತ್ತ, ಒಂದು ಸ್ಪ್ರಿಂಗನ್ನು ಎತ್ತುತ್ತ ಹೋಗುತ್ತದೆ. 60ನೇ ನಿಮಿಷಕ್ಕೆ ಕ್ಯಾಮಿಗೆ ಒರಗಿದ ಸನ್ನೆ, ಅಂದರೆ ಲಿವರ್, ಅದರ ಅಂಚಿನಿಂದ ಬೀಳುತ್ತದೆ, ಸ್ಪ್ರಿಂಗ್ ಬಿಟ್ಟ ಬಲಕ್ಕೆ ಬಿಲ್ಲೆ ಒಂದು ಅಂಕಿ ಜಿಗಿಯುತ್ತದೆ. ಆ ಬಲ ಬರುವುದು ಮುಖ್ಯ ಸ್ಪ್ರಿಂಗಿನಿಂದಲೇ. ಹಾಗಾಗಿ 50ರಿಂದ 60ನೇ ನಿಮಿಷದ ನಡುವೆ ಬ್ಯಾಲೆನ್ಸಿಗೆ ಸಿಗುವ ಬಲ ಕಡಿಮೆ, ಅದರ ತೂಗಾಟವೂ ಕಡಿಮೆ. ಜರ್ಮನಿಯ ಎ. ಲಾಂಗೆ ಅಂಡ್ ಸೋನೆ ಕಂಪನಿ 2009ರ ತ್ಸೈಟ್‌ವೆರ್ಕ್ ವಾಚಿನಲ್ಲಿ ನಿಮಿಷದ ಬಿಲ್ಲೆಗಳನ್ನೂ ನಿಮಿಷಕ್ಕೊಮ್ಮೆ ಜಿಗಿಸಿತು. ಅದಕ್ಕೆಂದೇ ಸಮಬಲ ಕೊಡುವ ಬೇರೊಂದು ಸ್ಪ್ರಿಂಗಿನ ವ್ಯವಸ್ಥೆಯನ್ನೇ ಒಳಗಿಡಬೇಕಾಯಿತು ಎಂದರೆ ಈ ಜಿಗಿತ ಎಷ್ಟು ದುಬಾರಿ ಎಂದು ಊಹಿಸಿ.

ಅಗ್ಗದ ವಾಚುಗಳಲ್ಲಿ ನಿಜವಾದ ಜಿಗಿತ ಇರುವುದಿಲ್ಲ. 55ನೇ ನಿಮಿಷಕ್ಕೇ ಬಿಲ್ಲೆ ಸರಿಯಲು ಶುರುವಾಗಿ, ಗಂಟೆಯಾಗುವ ಹೊತ್ತಿಗೆ ಎರಡು ಅಂಕಿಗಳ ಅರ್ಧರ್ಧ ಕಾಣುತ್ತದೆ. ಜಾಹೀರಾತಿನ ಚಿತ್ರದಲ್ಲಿ ಯಾವಾಗಲೂ 10 ಗಂಟೆ 10 ನಿಮಿಷ ಇರುವುದರಿಂದ ಇದು ಗೊತ್ತಾಗದು. 58ನೇ ನಿಮಿಷದಿಂದ 2ನೇ ನಿಮಿಷದ ತನಕ ತಡೆಯಿಲ್ಲದ ವಿಡಿಯೊ ಕೇಳಿ. ಕೊಡದಿದ್ದರೆ ಉತ್ತರ ಸಿಕ್ಕಿತು ಎಂದುಕೊಳ್ಳಿ.

ಈ ಬಗೆಯಲ್ಲಿ ಕಾಣುವ ದೋಷಗಳನ್ನು ತಿಳಿದಿರುವುದು ರಿಪೇರಿಯ ದುಡ್ಡು ಉಳಿಸುತ್ತದೆ. ಗಂಟೆ ಒಂದೆರಡು ನಿಮಿಷ ಮುಂಚೆ ಅಥವಾ ತಡವಾಗಿ ಜಿಗಿದರೆ, ಪ್ರತಿ ಗಂಟೆಯೂ ಅಷ್ಟೇ ತಪ್ಪಿದ್ದರೆ, ನಿಮಿಷದ ಮುಳ್ಳನ್ನು ತೆಗೆದು ಮತ್ತೆ ಕೂರಿಸಿದರಾಯಿತು, ಹೆದರಬೇಕಿಲ್ಲ. ಅಂಕಿ ಕಿಟಕಿಯ ನಡುವೆ ನಿಲ್ಲದೆ ಮೇಲೆ ಕೆಳಗೆ ಆದರೆ ಬಿಲ್ಲೆಯನ್ನು ಹಿಡಿಯುವ ಸ್ಪ್ರಿಂಗ್ ಸೋತಿದೆ, ಇಲ್ಲವೇ ಬಿಲ್ಲೆ ಡಯಲ್ಲಿಗೆ ಉಜ್ಜುತ್ತಿದೆ. ಪ್ರತಿ ಸಲ 57, 58ಕ್ಕೇ ವಾಚು ನಿಂತರೆ, ಅಲ್ಲಾಡಿಸಿದಾಗ ಮತ್ತೆ ಓಡಿದರೆ, ಜಿಗಿತಕ್ಕೆ ಬೇಕಾದ ಬಲ ಸಾಲುತ್ತಿಲ್ಲ. ಸರ್ವಿಸ್ ಆಗಬೇಕಾದದ್ದು ಅಡಿಯ ಮಷಿನ್, ಮಾಡ್ಯೂಲ್ ಅಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ದೋಷ ಇನ್ನೊಂದಿದೆ. ವಾಚು ನಿಲ್ಲುವುದಿಲ್ಲ, ಟಿಕ್‌ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಟೈಮಿಂಗ್ ಮಷಿನ್ನಿನ ಮೇಲಿಟ್ಟರೆ ದಿನಕ್ಕೆ ಐದು ಸೆಕೆಂಡ್ ಮಾತ್ರ ತಪ್ಪು ತೋರಿಸುತ್ತದೆ, ಆದರೆ ಕೈಯಲ್ಲಿ ದಿನಕ್ಕೆ ಅರ್ಧ ಗಂಟೆ ಹಿಂದೆ ಬೀಳುತ್ತದೆ. ಎಷ್ಟು ಎಣ್ಣೆ ಹಾಕಿದರೂ ಹೋಗದು. ಕಾರಣ ಕ್ಯಾನನ್ ಪಿನಿಯನ್, ಅಂದರೆ ನಿಮಿಷದ ಮುಳ್ಳು ಕೂರುವ ಕೊಳವೆ. ಟೈಮ್ ಇಡುವಾಗ ಜಾರಲೆಂದು ಅದನ್ನು ಬಿಗಿಯಾಗಿ ಕಚ್ಚಿ ಕೂರಿಸಿರುತ್ತಾರೆ. ಆ ಬಿಗಿ ಸಡಿಲವಾದರೆ ಸಾಮಾನ್ಯ ಹೊತ್ತಿನಲ್ಲಿ ಕೆಲಸ ನಡೆಯುತ್ತದೆ, ಜಿಗಿತದ ಭಾರ ಬಂದಾಗ ಮಾತ್ರ ಜಾರುತ್ತದೆ. ಗಂಟೆಗೊಮ್ಮೆ ಒಂದೆರಡು ನಿಮಿಷ ಹೀಗೆ ಕಳೆದುಹೋಗುತ್ತದೆ. ಟೈಮ್ ಇಡುವಾಗ ಕ್ರೌನ್, ಅಂದರೆ ವಾಚಿನ ಪಕ್ಕದ ತಿರುಪು, ತುಂಬ ಹಗುರಾಗಿ ತಿರುಗುವುದೇ ಇದರ ಸುಳಿವು. ಬಿಗಿ ಮಾಡಿದರೆ ಸರಿಹೋಗುತ್ತದೆ, ಆದರೆ ರಿಪೇರಿಯವರಿಗೆ ಇದನ್ನು ಹೇಳಿಯೇ ಕೊಡಿ. ಟೈಮಿಂಗ್ ಮಷಿನ್ ನೋಡಿ ‘ವಾಚು ಸರಿಯಾಗಿದೆಯಲ್ಲ’ ಎಂದು ವಾಪಸು ಕೊಡುವ ಸಂಭವವೇ ಹೆಚ್ಚು.

ಹಿಂದಕ್ಕೆ ತಿರುಗಿಸುವ ವಿಷಯದಲ್ಲಿ ಕೈಪಿಡಿ ಏನು ಹೇಳುತ್ತದೋ ಅದೇ ನಿಯಮ. ಕೈಪಿಡಿ ಇಲ್ಲದಿದ್ದರೆ ಮುಂದಕ್ಕೆ ಮಾತ್ರ ತಿರುಗಿಸಿ. ಎತ್ತಿದ ಸನ್ನೆಯನ್ನು ಕ್ಯಾಮಿನ ಕಡಿದಾದ ಅಂಚಿಗೆ ಹಿಂದಿನಿಂದ ಒತ್ತಿದರೆ ಮುರಿಯುವುದು ಸನ್ನೆಯೇ.

ಹಳೆಯ ಜಂಪ್ ಅವರ್‌ಗಳ ಬಗ್ಗೆ ಒಂದು ಮಾತು. ಸಂಡೇ ಬಜಾರಿನಂಥ ಕಡೆ ಮತ್ತು ಆನ್‌ಲೈನಿನಲ್ಲಿ 1970ರ ದಶಕದ, ಬಿಲ್ಲೆ ತಿರುಗುವ ಅಗ್ಗದ ವಾಚುಗಳು ಸಿಗುತ್ತವೆ. ಅನೇಕವುಗಳ ಒಳಗೆ ಇರುವುದು ಪಿನ್ ಲಿವರ್ ಮಷಿನ್. ಗಾಲಿಯ ಹಲ್ಲನ್ನು ತಡೆದು ಬಿಡುವ ಪ್ಯಾಲೆಟ್ಟಿಗೆ ಕಲ್ಲಿನ ಬದಲು ಉಕ್ಕಿನ ಕಡ್ಡಿ, ಸವೆದ ಮೇಲೆ ಮಾಡುವುದೇನೂ ಇಲ್ಲ. ಜೊತೆಗೆ ಹೊಸದಾಗಿ ಬಣ್ಣ ಬಳಿದ ಡಯಲ್ಲಿನ ‘ಮುಂಬೈ ಸ್ಪೆಷಲ್’ಗಳ ಕಾಟ. ಅಂಕಿಗಳ ಅಂಚು ಹರಡಿಕೊಂಡಿದ್ದರೆ, ಕೇಸು ತಿಕ್ಕಿ ತಿಕ್ಕಿ ಮೂಲೆಗಳು ಉರುಟಾಗಿದ್ದರೆ ಮುಂದೆ ಹೋಗಿ. ಜಂಪ್ ಅವರ್ ಬೇಕೆಂದರೆ ಹೊಸದು, ವಾರಂಟಿ ಇರುವುದು. ಇದರಲ್ಲಿ ರಾಜಿ ಬೇಡ.

ಉಳಿದವು

24 ಗಂಟೆಯ ಡಯಲ್ ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಹೊರವರ್ತುಲ ರಸ್ತೆಯ ಕಂಪನಿಗಳವರಿಗೆ ನಿಜಕ್ಕೂ ಉಪಯೋಗದ್ದು. ಗಂಟೆ ಮುಳ್ಳು ದಿನಕ್ಕೆ ಒಂದೇ ಸುತ್ತು, ಗಂಟೆಗೆ 15 ಡಿಗ್ರಿ. ನಿಮಿಷದ ಮುಳ್ಳು ಎಂದಿನಂತೆ. ರಷ್ಯಾದ ಪೀಟರ್‌ಹೋಫ್‌ನ ರಾಕೆಟಾ ಕಂಪನಿ ಇದಕ್ಕೆ ಹೆಸರಾದದ್ದು, ಮಷಿನ್ ಗಟ್ಟಿ. ವೀಸಾ, ಮಾಸ್ಟರ್‌ಕಾರ್ಡ್ ಎರಡೂ 2022ರ ಮಾರ್ಚಿನಿಂದ ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿರುವುದರಿಂದ ಅಲ್ಲಿನ ಮಾರಾಟಗಾರರಿಗೆ ನೇರವಾಗಿ ದುಡ್ಡು ಕಟ್ಟುವುದೇ ತೊಡಕು. ಬೇರೆ ದೇಶದ ಮಾರಾಟಗಾರರನ್ನು ಹುಡುಕಬೇಕು. 24 ಮೇಲಿರುವ ಡಯಲ್ಲಿನಲ್ಲಿ ಮಾಮೂಲಿ ವಾಚಿನ ಅಭ್ಯಾಸವಿರುವ ಕಣ್ಣು ಸಂಜೆ ಆರನ್ನು ಒಂಬತ್ತು ಎಂದು ಓದುತ್ತದೆ. ಅದು ಹೋಗಲು ಎರಡು ವಾರ ಬೇಕು. 12 ಮೇಲಿರುವ ಡಯಲ್ ಆರಿಸಿದರೆ ಮುಳ್ಳು ಸೂರ್ಯನ ಜೊತೆ ಏರಿ ಇಳಿಯುತ್ತದೆ. ಆದರೆ ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಮುಳ್ಳು ಸರಾಸರಿ 20 ನಿಮಿಷ ದಾಟಿರುತ್ತದೆ.

ರೆಗ್ಯುಲೇಟರ್ ಎಂದರೆ ಗಂಟೆ, ನಿಮಿಷ, ಸೆಕೆಂಡು ಮೂರಕ್ಕೂ ಬೇರೆಬೇರೆ ಜಾಗ. ಗಡಿಯಾರ ಮಾಡುವವರು ಬೇರೆ ಗಡಿಯಾರಗಳಿಗೆ ಟೈಮ್ ಇಡಲು ಗೋಡೆಗೆ ಹಾಕಿಕೊಳ್ಳುತ್ತಿದ್ದ ಮಾದರಿ ಇದು. ಗಂಟೆ ಮುಳ್ಳು ನಿಮಿಷದ ಮುಳ್ಳನ್ನು ಮರೆಮಾಡಬಾರದು ಎಂಬುದಷ್ಟೇ ಉದ್ದೇಶ. ಯುನಿಟಾಸ್ ಮಷಿನ್ ಮೇಲೆ ಮಾಡಿದವು ಕಡಿಮೆ ಬೆಲೆಗೆ ಸಿಗುತ್ತವೆ. ಸೇರಿಸಿರುವುದು ಒಂದೆರಡು ಗಾಲಿ ಮಾತ್ರವಾದ್ದರಿಂದ ಇಲ್ಲೇ ರಿಪೇರಿ ಆಗುತ್ತದೆ. ಕೊಡುವ ದುಡ್ಡಿಗೆ ಇಷ್ಟು ನ್ಯಾಯ ಮಾಡುವ ಬಗೆ ಬೇರೆ ಇಲ್ಲ, ಆದರೂ ಇದನ್ನು ಕೇಳುವವರು ಕಡಿಮೆ. ಗಂಟೆ ಮುಳ್ಳು ಸ್ವಲ್ಪ ಜೋತಾಡಿದರೆ ಅದು ಹಲ್ಲಿನ ಸಡಿಲ, ರೋಗವಲ್ಲ.

ರೆಟ್ರೊಗ್ರೇಡ್, ಅಂದರೆ ಕಮಾನಿನ ಕೊನೆಗೆ ಹೋಗಿ ಚಕ್ಕನೆ ಹಿಂದಕ್ಕೆ ಹಾರುವ ಮುಳ್ಳು, ಜಂಪ್ ಅವರ್‌ನ ದೋಷಗಳನ್ನೆಲ್ಲ ಹೊತ್ತುಕೊಂಡೇ ಬರುತ್ತದೆ. ಮುಳ್ಳಿನ ಬದಲು ಪೂರ್ತಿ ಬಿಲ್ಲೆ ತಿರುಗುವ ವಾಚುಗಳಲ್ಲಿ ಬಿಲ್ಲೆಯ ತೂಕವೇ ಶತ್ರು.

ಬೆಂಗಳೂರಿನದೇ ಒಂದು ವಿಚಿತ್ರ ವಾಚೂ ಇದೆ: ಎಚ್‌ಎಂಟಿಯ ಬ್ರೇಲ್ ವಾಚು. ಗ್ಲಾಸಿನ ಮುಚ್ಚಳ ತೆರೆದು, ಮುಳ್ಳನ್ನೂ ಉಬ್ಬು ಚುಕ್ಕೆಗಳನ್ನೂ ಬೆರಳಿನಿಂದ ಮುಟ್ಟಿ ಗಂಟೆ ತಿಳಿಯುವುದು. ಹಳೆಯದು ಸಿಕ್ಕರೆ ಮುಚ್ಚಳದ ಕೀಲು, ಮುಳ್ಳಿನ ಬಿಗಿ, ಒಳಗೆ ಸೇರಿದ ಧೂಳು ಈ ಮೂರನ್ನು ನೋಡಿ. ಕತ್ತಲೆಯ ಸಿನಿಮಾ ಹಾಲಿನಲ್ಲಿ ಮೊಬೈಲ್ ತೆಗೆಯದೆ ಗಂಟೆ ನೋಡಲು ಇದಕ್ಕೆ ಸಮ ಇನ್ನೊಂದಿಲ್ಲ.

ದುಡ್ಡು ಕೊಡುವ ಮೊದಲು

ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಕೂರಲು ಬಿಡದಿದ್ದರೆ ಕೊಳ್ಳಬೇಡಿ. ಕೀ ಕೊಟ್ಟು, ಟೈಮ್ ಇಡುವ ಸ್ಥಾನಕ್ಕೆ ಕ್ರೌನ್ ಎಳೆದು, ನಿಧಾನವಾಗಿ ಪೂರ್ತಿ 12 ಗಂಟೆ ಮುಂದಕ್ಕೆ ತಿರುಗಿಸಿ. ಹನ್ನೆರಡು ಅಂಕಿಗಳೂ ಸಾಲಾಗಿ ಬರಬೇಕು, ನೇರವಾಗಿ ನಿಲ್ಲಬೇಕು, ಪ್ರತಿ ಬದಲಾವಣೆಗೂ ಬೆರಳಿಗೆ ಒಂದೇ ತೂಕದ ತಡೆ ಸಿಗಬೇಕು. ಒಂದೇ ಒಂದು ಅಂಕಿಯಲ್ಲಿ ತಡೆ ಹೆಚ್ಚಾದರೂ ಅಲ್ಲಿ ಏನೋ ಉಜ್ಜುತ್ತಿದೆ.

ನಂತರ ಟೈಮಿಂಗ್ ಮಷಿನ್. ಮೊದಲು ಅಡಿಯ ಮಷಿನ್ನಿನ ಲಿಫ್ಟ್ ಆ್ಯಂಗಲ್ ಹಾಕಿಸಿ, ಇದು ಒಂದೊಂದು ಮಷಿನ್ನಿಗೂ ಗೊತ್ತಾದ ಕೋನ: ಇಟಿಎ 2824ಕ್ಕೆ 50, ಮಿಯೋಟಾ 9015ಕ್ಕೆ 51, ಎನ್‌ಎಚ್35ಕ್ಕೆ 53, ಯುನಿಟಾಸ್ 6498ಕ್ಕೆ 44. ಯಾವ ವಾಚಿಗೂ ಒಂದೇ ಸಂಖ್ಯೆ ಇಟ್ಟುಬಿಟ್ಟರೆ ಬರುವ ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ತೂಗುವ ಅಳತೆ, ಸುಳ್ಳು. ಪೂರ್ತಿ ಕೀ ಕೊಟ್ಟ ವಾಚು ಡಯಲ್ ಮೇಲಾಗಿ ಮಲಗಿದಾಗ 270ರಿಂದ 300 ಡಿಗ್ರಿ ಬಂದರೆ ಒಳ್ಳೆಯದು. ಜಂಪ್ ಅವರ್ ಆದರೆ 10ನೇ ನಿಮಿಷದಲ್ಲಿ ಒಮ್ಮೆ, 58ನೇ ನಿಮಿಷದಲ್ಲಿ ಇನ್ನೊಮ್ಮೆ ಅಳೆಸಿ. ಸ್ವಲ್ಪ ಇಳಿಯುವುದು ಸಹಜ. ಎರಡನೆಯ ಅಳತೆ 200ರ ಹತ್ತಿರ ಬಂದರೆ, ಮರುದಿನ ಬೆಳಿಗ್ಗೆ ಕೀ ಅರ್ಧ ಇಳಿದಾಗ ಇದು ನಿಲ್ಲುವ ವಾಚು.

ಕಟ್ಟಿಕೊಂಡ ಮೇಲೆ

ಈ ವಾಚುಗಳಲ್ಲಿ ಹೆಚ್ಚಿನವು 30 ಮೀಟರ್ ಎಂದು ಬರೆದವು. ಆ ಮೂವತ್ತು ಮೀಟರ್ ಕೈತೊಳೆಯುವ ತುಂತುರಿಗೆ ಸರಿ, ಸಂಜೆ ನಾಲ್ಕರ ಬೆಂಗಳೂರಿನ ಮಳೆಗೆ ಅಲ್ಲ. ಗ್ಲಾಸಿನ ಒಳಗೆ ಮಂಜು ಕಂಡರೆ ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ. ಮುಚ್ಚಿದ ಕೇಸಿನ ಒಳಗಿನ ತೇವವನ್ನು ಅಕ್ಕಿ ಎಳೆಯದು, ಅದರ ಧೂಳು ಮಾತ್ರ ಕ್ರೌನಿನ ಸಂದಿಗೆ ಸೇರುತ್ತದೆ. ಅದೇ ದಿನ ಹಿಂಬದಿ ಬಿಚ್ಚಿಸಿ ಒಣಗಿಸಿ. ಎರಡು ದಿನ ಬಿಟ್ಟರೆ ತೆಳು ಉಕ್ಕಿನ ಸ್ಪ್ರಿಂಗುಗಳಿಗೆ ತುಕ್ಕು ಹತ್ತುತ್ತದೆ, ಮಾರುಕಟ್ಟೆಯಲ್ಲಿ ಸಿಗದ ಭಾಗಗಳು ಅವೇ.

ಬೈಕಿನಲ್ಲಿ ಓಡಾಡುವವರು ಜಂಪ್ ಅವರ್, ಅಲೆಮಾರಿ ಗಂಟೆ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಳ್ಳಿ. ಒಂಟಿ ಮುಳ್ಳು ಕೈಯಲ್ಲೇ ಇರಲಿ. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡಿದರೆ ಬ್ಯಾಲೆನ್ಸಿನ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದಿದೆ. ಲ್ಯಾಪ್‌ಟಾಪಿನ ಮುಚ್ಚಳ, ಮೊಬೈಲ್ ಕವರಿನ ಬಕಲ್, ಸ್ಪೀಕರು ಇವುಗಳೇ ಕಾರಣ. ಕಾಂತತೆ ತೆಗೆಯಲು ಅಂಗಡಿಯಲ್ಲಿ ಒಂದು ನಿಮಿಷ ಸಾಕು, ಅದಕ್ಕೆ ಸರ್ವಿಸ್ ಬಿಲ್ ಹಾಕಲು ಬಿಡಬೇಡಿ.

ಸರ್ವಿಸ್ ಐದರಿಂದ ಏಳು ವರ್ಷಕ್ಕೊಮ್ಮೆ. ಅಡಿಯ ಮಷಿನ್ನಿಗೆ ಎಷ್ಟು, ಮಾಡ್ಯೂಲಿಗೆ ಎಷ್ಟು ಎಂದು ಎರಡು ಬೇರೆ ದರ ಕೇಳಿ. ಒಳ್ಳೆಯ ಕೆಲಸಗಾರರು ಮಾಡ್ಯೂಲನ್ನು ಇಡಿಯಾಗಿ ಎತ್ತಿಟ್ಟು ಮಷಿನ್ನನ್ನು ಮಾತ್ರ ಬಿಚ್ಚುತ್ತಾರೆ. ಬಿಲ್ಲೆಗಳ ಸಂದಿಗೆ ಎಣ್ಣೆ ಹನಿಸುವವರಿಂದ ದೂರವಿರಿ. ಹರಡಿದ ಎಣ್ಣೆ ಧೂಳು ಹಿಡಿದು ಬಿಲ್ಲೆಯನ್ನೇ ಅಂಟಿಸುತ್ತದೆ.

ಹೊರದೇಶದಿಂದ ತರಿಸುವುದಾದರೆ ವೆಬ್‌ಸೈಟಿನ ಬೆಲೆ ನಿಜವಾದ ಬೆಲೆಯಲ್ಲ. ವಾಚಿನ ಬೆಲೆಗೆ ಸಾಗಣೆ, ವಿಮೆ ಸೇರಿಸಿ, ಅದರ ಮೇಲೆ ಸುಂಕ, ಆ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ. ತೆರಿಗೆಯ ಮೇಲೂ ತೆರಿಗೆ ಬೀಳುತ್ತದೆ. ಆರ್ಡರ್ ಹಾಕುವ ದಿನದ ದರವನ್ನು ಕೊರಿಯರ್‌ನವರಿಂದ ಬರಹದಲ್ಲಿ ಪಡೆಯಿರಿ. ಸ್ವಿಟ್ಜರ್ಲೆಂಡ್ ಸೇರಿದ ಯುರೋಪಿನ ಮುಕ್ತ ವ್ಯಾಪಾರ ಕೂಟದ (ಇಎಫ್‌ಟಿಎ) ದೇಶಗಳ ಜೊತೆಗಿನ ಭಾರತದ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಸ್ವಿಸ್ ವಾಚಿನ ಸುಂಕ ಹಂತಹಂತವಾಗಿ ಇಳಿಯಲಿದೆ. ಆದರೆ ಸ್ವಿಸ್ ಮೂಲದ ದಾಖಲೆ ಇಲ್ಲದ ಪಾರ್ಸೆಲ್ಲಿಗೆ ಅದರ ಲಾಭ ಇಲ್ಲ. ಮಾಡ್ಯೂಲ್ ಕೆಟ್ಟು ಹೊರದೇಶಕ್ಕೆ ಕಳಿಸಬೇಕಾಗಿ ಬಂದರೆ, ಕಳಿಸುವ ದಿನವೇ ‘ದುರಸ್ತಿಗಾಗಿ, ವಾಪಸು ಬರುತ್ತದೆ’ ಎಂದು ಕಸ್ಟಮ್ಸ್ ಕಾಗದ ಮಾಡಿಸಿ, ಕೇಸಿನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. ಆ ಕಾಗದವಿದ್ದರೆ ಮರಳಿ ಬಂದಾಗ ದುರಸ್ತಿಯ ಖರ್ಚು, ಸಾಗಣೆ, ವಿಮೆಯ ಮೇಲೆ ಮಾತ್ರ ಸುಂಕ. ಇಲ್ಲದಿದ್ದರೆ ನಿಮ್ಮದೇ ವಾಚಿಗೆ ಎರಡನೇ ಸಲ ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಳ್ಳಬೇಕು.